ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಮತ್ತು ನಿಮ್ಮ ಖಾಸಗಿತನ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಮಾಮೂಲಿ ಸಿಸಿಟಿವಿಗಿಂತ ಹೇಗೆ ಬೇರೆ?

ಸಿಸಿಟಿವಿ ಬರೀ ವಿಡಿಯೊ ತೆಗೆದಿಡುತ್ತದೆ. ಅದರಲ್ಲಿ ಒಂದು ಕಾರು ಹುಡುಕಬೇಕು ಅಂದರೆ ಯಾರಾದರೂ ಕೂತು ಗಂಟೆಗಟ್ಟಲೆ ನೋಡಬೇಕು. ನಂಬರ್ ಪ್ಲೇಟ್ ಕ್ಯಾಮೆರಾ ಹಾಗಲ್ಲ. ಎದುರಿಗೆ ಹಾದುಹೋಗುವ ಪ್ರತಿ ಗಾಡಿಯ ಫೋಟೊ ತೆಗೆಯುತ್ತದೆ. ಸಾಫ್ಟ್‌ವೇರ್ ಆ ಫೋಟೊದಲ್ಲಿ ಪ್ಲೇಟ್ ಎಲ್ಲಿದೆ ಅಂತ ಪತ್ತೆ ಮಾಡಿ, ಅಕ್ಷರ ಮತ್ತು ಅಂಕಿಗಳನ್ನು ಓದಿಕೊಂಡು, ತಾರೀಕು, ಸಮಯ, ಜಾಗ ಎಲ್ಲ ಸೇರಿಸಿ ಡೇಟಾಬೇಸ್‌ನಲ್ಲಿ ಒಂದು ಸಾಲು ಬರೆಯುತ್ತದೆ. ಕತ್ತಲಾದರೂ ನಿಲ್ಲುವುದಿಲ್ಲ, ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ನಡೆಯುತ್ತದೆ. ಆಮೇಲೆ ಯಾರೋ ಒಬ್ಬರು ನಿಮ್ಮ ನಂಬರ್ ಟೈಪ್ ಮಾಡಿದರೆ ಸಾಕು, ನೀವು ಯಾವತ್ತು ಎಷ್ಟು ಹೊತ್ತಿಗೆ ಯಾವ ಕ್ಯಾಮೆರಾ ದಾಟಿದಿರಿ ಅನ್ನುವುದು ಸಾಲುಸಾಲಾಗಿ ಬರುತ್ತದೆ.

ಹೊಸ ಮಾದರಿಗಳು ಇನ್ನೂ ಮುಂದೆ ಹೋಗಿವೆ. ಗಾಡಿಯ ಬಣ್ಣ, ಕಂಪನಿ, ಮೇಲಿನ ಕ್ಯಾರಿಯರ್, ಹಿಂದೆ ಅಂಟಿಸಿದ ಸ್ಟಿಕ್ಕರ್ ಎಲ್ಲವನ್ನೂ ಗುರುತು ಹಿಡಿಯುತ್ತವೆ. ಅಂದರೆ ನಂಬರ್ ಗೊತ್ತಿಲ್ಲದಿದ್ದರೂ ಹುಡುಕಬಹುದು.

ಇದು ಹೊಸ ತಂತ್ರಜ್ಞಾನವಾ?

ಅಲ್ಲ. ಬ್ರಿಟನ್ನಿನ ಪೊಲೀಸ್ ಸಂಶೋಧನಾ ಶಾಖೆ 1976ರಲ್ಲೇ ಇದನ್ನು ಕಂಡುಹಿಡಿಯಿತು. ಈಗ ಬದಲಾಗಿರುವುದು ಬೆಲೆ ಮತ್ತು ಜೋಡಣೆ. ಮೊದಲು ಒಂದು ಕ್ಯಾಮೆರಾ ಹಾಕುವುದೇ ದೊಡ್ಡ ಕೆಲಸ. ಈಗ ಸೋಲಾರ್ ಪ್ಯಾನೆಲ್ ಮತ್ತು ಮೊಬೈಲ್ ಸಿಮ್ ಇರುವ ಕ್ಯಾಮೆರಾವನ್ನು ಒಂದು ಕಂಬಕ್ಕೆ ಕಟ್ಟಿ ಹೋದರೆ ಆಯಿತು. ಅಮೆರಿಕದಲ್ಲಿ 2017ರಲ್ಲಿ ಶುರುವಾದ ಫ್ಲಾಕ್ ಸೇಫ್ಟಿ ಎಂಬ ಕಂಪನಿ ಇಂಥವನ್ನೇ ಊರೂರಿಗೆ ಬಾಡಿಗೆಗೆ ಕೊಟ್ಟು ಬೆಳೆಯಿತು. ಒಂದೂರಿನ ಕ್ಯಾಮೆರಾದ ಡೇಟಾ ಇನ್ನೊಂದೂರಿನ ಪೊಲೀಸರಿಗೂ ಸಿಗುವ ಹಾಗೆ ಜೋಡಿಸಿದ್ದೇ ಅದರ ದೊಡ್ಡ ಆಕರ್ಷಣೆ. ತಲೆನೋವು ಶುರುವಾಗುವುದೂ ಅಲ್ಲಿಂದಲೇ.

ಹಾಟ್‌ಲಿಸ್ಟ್ ಅಂತಾರಲ್ಲ, ಅದೇನು?

ಪೊಲೀಸರು ಹುಡುಕುತ್ತಿರುವ ಗಾಡಿಗಳ ಪಟ್ಟಿ. ಕಳುವಾದ ಗಾಡಿ, ತಲೆಮರೆಸಿಕೊಂಡವರ ಗಾಡಿ, ಅಪಹರಣವಾದ ಮಗು ಇರಬಹುದಾದ ಗಾಡಿ ಹೀಗೆ. ಕ್ಯಾಮೆರಾ ಪ್ಲೇಟ್ ಓದಿದ ತಕ್ಷಣ ಈ ಪಟ್ಟಿ ನೋಡುತ್ತದೆ. ಹೊಂದಿದರೆ ಹತ್ತಿರದ ಪೊಲೀಸರಿಗೆ ಅಲರ್ಟ್ ಹೋಗುತ್ತದೆ.

ಈ ಕೆಲಸಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಹೊಂದದೆ ಇದ್ದವರ ಬಗ್ಗೆ. ಕ್ಯಾಲಿಫೋರ್ನಿಯಾದ ರಾಜ್ಯ ಆಡಿಟರ್ 2020ರ ಫೆಬ್ರುವರಿಯಲ್ಲಿ ಕೊಟ್ಟ ವರದಿ ನೋಡಿ. ಲಾಸ್ ಏಂಜಲೀಸ್ ಪೊಲೀಸರ ಬಳಿ ಆಗ 32 ಕೋಟಿ ಚಿತ್ರಗಳಿದ್ದವು. ತೆಗೆದ ಹೊತ್ತಿನಲ್ಲಿ ಹಾಟ್‌ಲಿಸ್ಟ್‌ಗೆ ಹೊಂದಿದ್ದು ಸುಮಾರು 4 ಲಕ್ಷ, ಅಂದರೆ ಶೇ 0.1. ಉಳಿದ ಶೇ 99.9 ಚಿತ್ರಗಳು ಆಗ ಪೊಲೀಸರು ಹುಡುಕುತ್ತಲೇ ಇರದಿದ್ದ ಗಾಡಿಗಳದ್ದು: ಕೆಲಸಕ್ಕೆ, ಆಸ್ಪತ್ರೆಗೆ, ಮಕ್ಕಳನ್ನು ಕರೆತರಲು ಹೊರಟವರದ್ದು. ಅವನ್ನು ಯಾಕೆ ಇಟ್ಟುಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು? ಈ ಪುಟದಲ್ಲಿರುವ ಮಿಕ್ಕ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ನಂಬರ್ ಪ್ಲೇಟ್ ರಸ್ತೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಅದರಲ್ಲಿ ಗುಟ್ಟೇನು ಬಂತು?

ಒಂದು ಸಲ ನೋಡಿದರೆ ಏನೂ ಇಲ್ಲ. ನಿಮ್ಮ ಕಾರು ಸಿಗ್ನಲ್‌ನಲ್ಲಿ ನಿಂತಾಗ ಪಕ್ಕದವನು ನಂಬರ್ ಓದಿದರೆ ಅವನಿಗೆ ಏನೂ ತಿಳಿಯುವುದಿಲ್ಲ, ಐದು ನಿಮಿಷಕ್ಕೆ ಮರೆತೂ ಹೋಗುತ್ತಾನೆ. ಅದೇ ಕಾರನ್ನು ವರ್ಷಪೂರ್ತಿ ಊರಿನ ಎಲ್ಲ ಮುಖ್ಯ ರಸ್ತೆಗಳಲ್ಲೂ ಬರೆದಿಟ್ಟರೆ? ಪ್ರತಿ ಮಂಗಳವಾರ ಸಂಜೆ ಮಾನಸಿಕ ಆರೋಗ್ಯದ ಕ್ಲಿನಿಕ್ ಹತ್ತಿರ. ತಿಂಗಳಿಗೊಮ್ಮೆ ವಕೀಲರ ಕಚೇರಿ ಇರುವ ಬೀದಿ. ಪ್ರತಿಭಟನೆ ನಡೆದ ದಿನ ಮೈದಾನದ ಪಕ್ಕ. ವಾರಕ್ಕೆ ಎರಡು ರಾತ್ರಿ ಮನೆಗೆ ಬಾರದೆ ಬೇರೆ ಬಡಾವಣೆಯಲ್ಲಿ. ಯಾವ ಸಾಲೂ ಗುಟ್ಟಲ್ಲ. ಒಟ್ಟು ಸೇರಿಸಿದರೆ ನಿಮ್ಮ ಮನೆಯವರಿಗೂ ಗೊತ್ತಿಲ್ಲದ ವಿಷಯ ಹೊರಬರುತ್ತದೆ.

ನ್ಯಾಯಾಲಯಗಳೂ ನಿಧಾನವಾಗಿ ಇದನ್ನು ಒಪ್ಪುತ್ತಿವೆ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಮೊಬೈಲ್ ಟವರ್‌ನ ಹಳೆಯ ಲೊಕೇಶನ್ ದಾಖಲೆ ತೆಗೆಯಲು ಸಾಮಾನ್ಯವಾಗಿ ವಾರಂಟ್ ಬೇಕು ಎಂದಿತು. ನಂಬರ್ ಪ್ಲೇಟ್ ಬಗ್ಗೆ ಅದು ಏನೂ ಹೇಳಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ 2020ರಲ್ಲಿ ನೇರವಾಗಿ ಇದೇ ವಿಷಯ ಬಂತು. ಕೇಪ್ ಕಾಡ್‌ಗೆ ಹೋಗುವ ಎರಡು ಸೇತುವೆಗಳ ಮೇಲೆ ನಾಲ್ಕು ಕ್ಯಾಮೆರಾ ಇದ್ದವು. ನಾಲ್ಕೇ ಕ್ಯಾಮೆರಾ ಆದ್ದರಿಂದ ಹಕ್ಕು ಉಲ್ಲಂಘನೆ ಆಗಲಿಲ್ಲ, ಆದರೆ ಸಾಕಷ್ಟು ಕ್ಯಾಮೆರಾಗಳು ಸಾಕಷ್ಟು ಜಾಗದಲ್ಲಿ ಇದ್ದರೆ ಆಗಬಹುದು ಅಂತ ಕೋರ್ಟ್ ಹೇಳಿತು. ಹಾಗಾದರೆ ಸಾಕಷ್ಟು ಅಂದರೆ ಎಷ್ಟು? ಅದಕ್ಕೆ ಉತ್ತರ ಕೊಡಲಿಲ್ಲ.

ಜರ್ಮನಿ ಇನ್ನೂ ಖಡಕ್ಕು. ಅಲ್ಲಿನ ಸಂವಿಧಾನ ನ್ಯಾಯಾಲಯ 2008ರಲ್ಲಿ ಎರಡು ರಾಜ್ಯಗಳ ಕಾನೂನು ರದ್ದು ಮಾಡಿತು. ಪಟ್ಟಿಗೆ ಹೊಂದದ ನಂಬರನ್ನು ತಕ್ಷಣ ಅಳಿಸಿದರೆ ತೊಂದರೆ ಇಲ್ಲ ಅನ್ನುವುದು ಆಗಿನ ನಿಲುವು. 2018ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಆ ನಿಲುವನ್ನೂ ಬಿಟ್ಟಿತು. ತಕ್ಷಣ ಅಳಿಸಿದರೂ ಸರಿ, ಸ್ಕ್ಯಾನ್ ಮಾಡಿದ್ದೇ ಪ್ರತಿ ಚಾಲಕನ ಹಕ್ಕಿನಲ್ಲಿ ಕೈಹಾಕಿದಂತೆ, ಅದಕ್ಕೆ ತಕ್ಕ ಕಾರಣ ಬೇಕು ಎಂದಿತು.

ನಾನೇನೂ ತಪ್ಪು ಮಾಡಿಲ್ಲ. ನನಗೇನು ಭಯ?

ಯಂತ್ರ ತಪ್ಪು ಮಾಡಬಹುದಲ್ಲ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಬ್ಬ ಮಹಿಳೆ ರಾತ್ರಿ ಕಾರಿನಲ್ಲಿ ಹೋಗುತ್ತಿದ್ದರು. ಕ್ಯಾಮೆರಾ ಅವರ ಪ್ಲೇಟಿನ 3 ಅನ್ನು 7 ಅಂತ ಓದಿತು. ಆ 7 ಇದ್ದ ನಂಬರ್ ಒಂದು ಜಿಎಂಸಿ ಟ್ರಕ್ಕಿನದು. ಮಹಿಳೆ ಓಡಿಸುತ್ತಿದ್ದದ್ದು ಲೆಕ್ಸಸ್ ಕಾರು. ಫೋಟೊ ಮಸುಕಾಗಿತ್ತು. ಒಂದು ಸಲ ಕಾರಿನ ಪ್ಲೇಟನ್ನು ಕಣ್ಣಾರೆ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ನೋಡಲಿಲ್ಲ. ಪೊಲೀಸರು ಬಂದೂಕು ಹಿಡಿದು ಆಕೆಯನ್ನು ಕೆಳಗಿಳಿಸಿ, ಮೊಣಕಾಲೂರಿಸಿ, ಕೈಗೆ ಬೇಡಿ ಹಾಕಿದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯ ದಾವೆ ಜ್ಯೂರಿ ಮುಂದೆ ಹೋಗಬಹುದು ಎಂದಿತು.

ಕೊಲೊರಾಡೊದ ಅರೋರಾದಲ್ಲಿ 2020ರ ಆಗಸ್ಟ್‌ನಲ್ಲಿ ಆಗಿದ್ದು ಬೇರೆ ಬಗೆ. ಅಲ್ಲಿ ಕ್ಯಾಮೆರಾ ಸರಿಯಾಗಿಯೇ ಓದಿತ್ತು. ಕಳುವಾಗಿದ್ದು ಮೊಂಟಾನಾ ರಾಜ್ಯದ ಮೋಟಾರ್‌ಸೈಕಲ್, ಅದರ ನಂಬರೂ ಕೊಲೊರಾಡೊದ ಈ ಕಾರಿನ ನಂಬರೂ ಒಂದೇ. ಬೈಕಿಗೂ ಕಾರಿಗೂ ವ್ಯತ್ಯಾಸ ನೋಡದೆ ಪೊಲೀಸರು ಒಬ್ಬ ಹೆಂಗಸನ್ನೂ ಜೊತೆಗಿದ್ದ ಹುಡುಗಿಯರನ್ನೂ ಪಾರ್ಕಿಂಗ್ ಜಾಗದ ಬಿಸಿ ನೆಲದ ಮೇಲೆ ಮಲಗಿಸಿದರು. ಆ ಹುಡುಗಿಯರಲ್ಲಿ ಚಿಕ್ಕವಳಿಗೆ 6 ವರ್ಷ. ನಗರ 2024ರಲ್ಲಿ 19 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಅದಕ್ಕೇ ಕಾನೂನಿನಲ್ಲಿ ಒಂದು ಮಾತು ಕಡ್ಡಾಯವಾಗಿ ಇರಬೇಕು: ಅಲರ್ಟ್ ಬಂದಿತು ಅನ್ನುವುದೊಂದೇ ಗಾಡಿ ತಡೆಯಲು ಕಾರಣವಾಗಬಾರದು. ಮನುಷ್ಯ ಪ್ಲೇಟ್ ನೋಡಬೇಕು, ರಾಜ್ಯ ನೋಡಬೇಕು, ಗಾಡಿಯ ಜಾತಿ ನೋಡಬೇಕು. ಅರ್ಧ ನಿಮಿಷದ ಕೆಲಸ.

ಪೊಲೀಸರೇ ದುರುಪಯೋಗ ಮಾಡಿಕೊಂಡ ಉದಾಹರಣೆ ಇದೆಯಾ?

ಇದೆ. ಕಾನ್ಸಸ್ ರಾಜ್ಯದ ಸೆಡ್ಜ್‌ವಿಕ್ ಅನ್ನುವ ಪುಟ್ಟ ಊರಿನ ಪೊಲೀಸ್ ಮುಖ್ಯಸ್ಥನೇ ತನ್ನ ಮಾಜಿ ಗೆಳತಿಯ ಮತ್ತು ಅವಳ ಹೊಸ ಗೆಳೆಯನ ಗಾಡಿಗಳನ್ನು ಕೆಲವೇ ತಿಂಗಳಲ್ಲಿ 228 ಸಲ ಹುಡುಕಿದ್ದ. ಅವನೇನೂ ಹ್ಯಾಕ್ ಮಾಡಲಿಲ್ಲ. ತನ್ನ ಲಾಗಿನ್‌ನಿಂದಲೇ ಒಳಗೆ ಹೋದ.

ಪ್ರತಿ ಹುಡುಕಾಟದ ಲಾಗ್ ಇರುತ್ತದೆ, ಕಾರಣ ಬರೆಯಲೇಬೇಕು ಅಂತಾರೆ. ಅಷ್ಟು ಸಾಲದಾ?

ಮೇಲಿನ ಅದೇ ಕೇಸ್ ತೆಗೆದುಕೊಳ್ಳಿ. ಕಾರಣ ಬರೆಯುವ ಚಿಕ್ಕ ಪೆಟ್ಟಿಗೆಯಲ್ಲಿ ಆತ ಬರೆದಿದ್ದು ಏನು ಗೊತ್ತಾ? ‘ಕಾಣೆಯಾದ ಮಗು’, ‘ಡ್ರಗ್ಸ್ ತನಿಖೆ’ ಇಂಥವು. ಪೆಟ್ಟಿಗೆ ಖಾಲಿ ಇಲ್ಲದಿದ್ದರೆ ಸಾಫ್ಟ್‌ವೇರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಅದು ನಿಜವಾ ಅಂತ ಕೇಳುವುದಿಲ್ಲ.

ಲಾಗ್ ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಆದರೆ ಲಾಗ್ ಅನ್ನುವುದು ಆದ ಮೇಲೆ ತಿಳಿಸುವ ಸಾಧನ, ಅದೂ ಯಾರಾದರೂ ತೆಗೆದು ಓದಿದರೆ. ಕಾರಣದ ಜೊತೆ ಕೇಸ್ ನಂಬರ್ ಕಡ್ಡಾಯ ಮಾಡಬೇಕು, ಆ ನಂಬರ್ ನಿಜವಾಗಿ ಇದೆಯಾ ಅಂತ ಸಿಸ್ಟಮ್ಮೇ ಪರೀಕ್ಷಿಸಬೇಕು, ಆ ಇಲಾಖೆಗೆ ಸೇರದ ಹೊರಗಿನವರು ಕೆಲವು ತಿಂಗಳಿಗೊಮ್ಮೆ ಹುಡುಕಾಟಗಳನ್ನು ತೆಗೆದು ನೋಡಬೇಕು. ಈಗ ಹೆಚ್ಚಿನ ಕಡೆ ಆಡಿಟ್ ಮಾಡುವವರು ಯಾರು? ಅದೇ ಠಾಣೆಯವರು. ಸೆಡ್ಜ್‌ವಿಕ್‌ನಲ್ಲಿ ಮುಖ್ಯಸ್ಥನ ಲಾಗ್ ನೋಡಬೇಕಾದವರು ಅವನ ಕೈಕೆಳಗಿನವರು, ಅಲ್ವಾ?

ಹಾಗಾದರೆ ಡೇಟಾ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಇದಕ್ಕೆ ಸಿಗುವ ಉತ್ತರಗಳು ನೋಡಿದರೆ ತಲೆ ಕೆರೆದುಕೊಳ್ಳಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 3 ನಿಮಿಷ. ಹೌದು, ನಿಮಿಷ. ಹಾಟ್‌ಲಿಸ್ಟ್‌ಗೆ ಹೊಂದದಿದ್ದರೆ 3 ನಿಮಿಷದೊಳಗೆ ಅಳಿಸಿರಬೇಕು. ಮೇನ್ ರಾಜ್ಯದಲ್ಲಿ 21 ದಿನ. ವರ್ಜೀನಿಯಾದಲ್ಲಿ 2025ರ ಜುಲೈನಿಂದ 21 ದಿನ. ಅರ್ಕನ್ಸಾದಲ್ಲಿ 150 ದಿನ. ಬ್ರಿಟನ್ನಿನ ರಾಷ್ಟ್ರೀಯ ವ್ಯವಸ್ಥೆಯಲ್ಲಿ ಒಂದು ವರ್ಷದವರೆಗೆ. ಎಷ್ಟೋ ರಾಜ್ಯಗಳಲ್ಲಿ ಈ ಬಗ್ಗೆ ಕಾನೂನೇ ಇಲ್ಲ. ಅಲ್ಲಿ ಪೊಲೀಸ್ ಇಲಾಖೆ ಅಥವಾ ಕಂಪನಿ ಬರೆದದ್ದೇ ನಿಯಮ.

ಕ್ಯಾಮೆರಾ ಅದೇ, ಗಾಡಿ ಅದೇ, ಕಳ್ಳತನವೂ ಅದೇ. ಒಂದು ಕಡೆ 3 ನಿಮಿಷ ಸಾಕಾದದ್ದಕ್ಕೆ ಇನ್ನೊಂದು ಕಡೆ ವರ್ಷ ಬೇಕು ಅಂದರೆ, ಈ ಅಂಕಿಗಳ ಹಿಂದೆ ಲೆಕ್ಕಾಚಾರಕ್ಕಿಂತ ಅಭ್ಯಾಸವೇ ಜಾಸ್ತಿ.

ನನ್ನ ಪ್ರಕಾರ ಬೇರೆಲ್ಲ ನಿಯಮಗಳಿಗಿಂತ ಗಟ್ಟಿಯಾದದ್ದು ಈ ಅವಧಿಯ ಮಿತಿ. ಯಾಕೆಂದರೆ ಉಳಿದ ನಿಯಮಗಳೆಲ್ಲ ಯಾರೋ ಒಬ್ಬರು ಸರಿಯಾಗಿ ನಡೆದುಕೊಳ್ಳುತ್ತಾರೆ ಎಂಬ ನಂಬಿಕೆ ಮೇಲೆ ನಿಂತಿವೆ. ಹಂಚಬೇಡಿ ಅಂದರೂ ಹಂಚಬಹುದು, ಸುಳ್ಳು ಕಾರಣ ಬರೆಯಬಹುದು, ಪಾಸ್‌ವರ್ಡ್ ಸೋರಬಹುದು, ನಾಳೆ ಬರುವ ಸರ್ಕಾರ ಕಾನೂನನ್ನೇ ಬದಲಿಸಬಹುದು. ಅಳಿಸಿ ಹೋದ ಸಾಲನ್ನು ಮಾತ್ರ ಯಾರೂ ಹುಡುಕಲಾರರು.

ಆದರೆ ಹಳೆಯ ಡೇಟಾ ಇದ್ದರೆ ಕೊಲೆ ಕೇಸ್ ಬಿಡಿಸಬಹುದಲ್ಲ?

ಬಿಡಿಸಬಹುದು, ಅದು ಸುಳ್ಳಲ್ಲ. ತಿಂಗಳ ಹಿಂದೆ ಒಂದು ರಸ್ತೆಯಲ್ಲಿ ಯಾವ ಗಾಡಿ ಹೋಯಿತು ಅನ್ನುವುದು ತನಿಖೆಗೆ ದೊಡ್ಡ ಸುಳಿವಾಗಬಹುದು. ಇದನ್ನು ಅಲ್ಲಗಳೆದು ವಾದ ಮಾಡುವವರು ಸೋಲುತ್ತಾರೆ, ಸೋಲಬೇಕು ಕೂಡ.

ಆದರೆ ಎರಡು ವಿಷಯ ಬೇರೆ ಬೇರೆ ಇಟ್ಟು ನೋಡಬೇಕು. ಕದ್ದ ಕಾರು, ಅಪಹರಣವಾದ ಮಗು ಇವಕ್ಕೆಲ್ಲ ಬೇಕಾದದ್ದು ಈ ಕ್ಷಣದ ಅಲರ್ಟ್. ಅದಕ್ಕೆ ಸಂಗ್ರಹ ಬೇಕಿಲ್ಲ. ಕಂಪನಿಗಳು ತೋರಿಸುವ ಯಶಸ್ಸಿನ ಕಥೆಗಳಲ್ಲಿ ಬಹಳಷ್ಟು ಇಂಥವೇ, ಆದರೆ ಮಾರುವುದು ಸಂಗ್ರಹವನ್ನು. ಇನ್ನು ಒಂದು ಅಪರಾಧ ನಡೆದ ತಕ್ಷಣ ಆ ಜಾಗದ, ಆ ಹೊತ್ತಿನ ದಾಖಲೆಯನ್ನು ಮಾತ್ರ ಅಳಿಸದಂತೆ ತಡೆದಿಟ್ಟು, ಆಮೇಲೆ ವಾರಂಟ್ ತಂದು ತೆರೆಯಬಹುದು. ಒಂದು ಕೇಸಿಗಾಗಿ ಇಡೀ ಊರಿನ ಓಡಾಟ ವರ್ಷಗಟ್ಟಲೆ ಕೂಡಿಡಬೇಕಿಲ್ಲ.

ಅಪರಾಧ ಕಡಿಮೆಯಾಗುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಉತ್ತರ ವರ್ಜೀನಿಯಾದ ಅಕ್ಕಪಕ್ಕದ ಎರಡು ಪ್ರದೇಶಗಳಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಪರಾಧ ಜಾಸ್ತಿ ಇರುವ ಜಾಗಗಳಲ್ಲಿ ಈ ಯಂತ್ರ ಹಿಡಿದು ಗಸ್ತು ಮಾಡಿಸಿದರು. ಅಪರಾಧ ಇಳಿದದ್ದು ಕಾಣಲಿಲ್ಲ. ಇದೊಂದರಿಂದ ಎಲ್ಲ ತೀರ್ಮಾನ ಆಗುವುದಿಲ್ಲ, ಆದರೂ ‘ಕ್ಯಾಮೆರಾ ಹಾಕಿದರೆ ಅಪರಾಧ ಇಳಿಯುತ್ತದೆ’ ಅನ್ನುವ ಮಾತನ್ನು ಹಾಗೇ ನುಂಗಬೇಡಿ.

ಒಂದೂರಿನ ಡೇಟಾ ಬೇರೆಯವರಿಗೆ ಹೋಗುತ್ತದಾ?

ಹೋಗುತ್ತದೆ. ಜನರಿಗೆ ಅತಿ ಕಡಿಮೆ ಗೊತ್ತಿರುವ ಭಾಗ ಇದು. ನಿಮ್ಮ ಊರಿನ ಆಡಳಿತ ಹತ್ತು ಕ್ಯಾಮೆರಾಕ್ಕೆ ಒಪ್ಪಿಗೆ ಕೊಟ್ಟಿರುತ್ತದೆ. ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿದರೆ ಆ ಹತ್ತು ಕ್ಯಾಮೆರಾಗಳು ದೇಶದುದ್ದಕ್ಕೂ ಇರುವ ಸಾವಿರಾರು ಇಲಾಖೆಗಳಿಗೆ ತೆರೆದುಕೊಳ್ಳುತ್ತವೆ. 2025ರಲ್ಲಿ ಟೆಕ್ಸಾಸ್‌ನ ಒಂದು ಶೆರಿಫ್ ಕಚೇರಿ ಗರ್ಭಪಾತ ಮಾಡಿಕೊಂಡ ಮಹಿಳೆಯೊಬ್ಬಳನ್ನು ಹುಡುಕಲು ಹೀಗೆ 83,000ಕ್ಕೂ ಹೆಚ್ಚು ಕ್ಯಾಮೆರಾಗಳಲ್ಲಿ ಹುಡುಕಿದ್ದು ಸುದ್ದಿಯಾಯಿತು. ಗರ್ಭಪಾತ ಕಾನೂನುಬದ್ಧವಾಗಿರುವ ರಾಜ್ಯಗಳ ಕ್ಯಾಮೆರಾಗಳೂ ಅದರಲ್ಲಿದ್ದವು. ಆಕೆಯ ಸುರಕ್ಷತೆಗಾಗಿ ಹುಡುಕಿದ್ದು ಅಂತ ಶೆರಿಫ್ ಆಗ ಹೇಳಿದರು. ಅದೇನೇ ಇರಲಿ, ಆ ಬೇರೆ ರಾಜ್ಯಗಳ ಜನ ತಮ್ಮ ಬೀದಿಯ ಕ್ಯಾಮೆರಾಕ್ಕೆ ಒಪ್ಪಿದ್ದು ಇದಕ್ಕಾಗಿ ಅಲ್ಲವಲ್ಲ.

ಇಲಿನಾಯ್ ರಾಜ್ಯ 2024ರ ಜನವರಿಯಿಂದಲೇ ಗರ್ಭಪಾತ ಮತ್ತು ವಲಸೆ ಸಂಬಂಧದ ಹುಡುಕಾಟಕ್ಕೆ ಈ ಡೇಟಾ ಕೊಡಬಾರದು ಅಂತ ಕಾನೂನು ತಂದಿದೆ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ರಾಜ್ಯದ ಹೊರಗಿನ ಇಲಾಖೆಗಳಿಗೆ ಕೊಡುವಂತಿಲ್ಲ. ಆದರೂ ಹಲವು ಪೊಲೀಸ್ ಇಲಾಖೆಗಳು ಕೊಡುತ್ತಲೇ ಬಂದವು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಟಾರ್ನಿ ಜನರಲ್ ಎಲ್ ಕಹೋನ್ ನಗರದ ಮೇಲೆ ದಾವೆ ಹೂಡಬೇಕಾಯಿತು. ಜಾರಿ ಮಾಡುವವರು ಸುಮ್ಮನಿದ್ದರೆ ಕಾನೂನನ್ನು ವರ್ಷಗಟ್ಟಲೆ ಮುರಿಯಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಖಾಸಗಿ ಕಂಪನಿಗಳೂ ಪ್ಲೇಟ್ ಓದುತ್ತವಾ?

ಓದುತ್ತವೆ. ಅಮೆರಿಕದಲ್ಲಿ ಸಾಲ ಕಟ್ಟದವರ ಕಾರು ಜಪ್ತಿ ಮಾಡುವವರ ಗಾಡಿಗಳಿಗೇ ಕ್ಯಾಮೆರಾ ಕಟ್ಟಿರುತ್ತಾರೆ. ಅವರು ಅಂಗಡಿ, ಅಪಾರ್ಟ್‌ಮೆಂಟ್‌ಗಳ ಪಾರ್ಕಿಂಗ್ ಸುತ್ತುತ್ತಾ ಕಂಡ ಕಂಡ ಪ್ಲೇಟ್‌ಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಾರೆ, ಸಾಲ ಇಲ್ಲದವರದ್ದೂ ಸೇರಿ. ಆ ರಾಶಿಯನ್ನು ಇಟ್ಟುಕೊಂಡ ಕಂಪನಿಗಳು ಬ್ಯಾಂಕ್, ವಿಮಾ ಕಂಪನಿ, ಖಾಸಗಿ ಪತ್ತೇದಾರರಿಗೆ ಹುಡುಕುವ ಅವಕಾಶ ಮಾರುತ್ತವೆ. ಕಾನೂನು ಪೊಲೀಸರನ್ನು ಮಾತ್ರ ಕಟ್ಟಿಹಾಕಿದರೆ, ಪೊಲೀಸರು ಇದೇ ಡೇಟಾವನ್ನು ದುಡ್ಡು ಕೊಟ್ಟು ತರಬಹುದು. ಹಾಗಾಗಿ ಕೊಳ್ಳುವುದಕ್ಕೂ ಸಂಗ್ರಹಿಸುವುದಕ್ಕೂ ಒಂದೇ ನಿಯಮ ಇರಬೇಕು.

ಟೋಲ್ ಮತ್ತು ಪಾರ್ಕಿಂಗ್ ಕ್ಯಾಮೆರಾ? ಅವು ದುಡ್ಡು ವಸೂಲಿಗೆ ಮಾತ್ರ ತಾನೇ?

ಶುರುವಾಗುವಾಗ ಹಾಗೇ ಇರುತ್ತದೆ. ಲಂಡನ್ನಿನಲ್ಲಿ 2003ರಲ್ಲಿ ನಗರದ ಮಧ್ಯಭಾಗಕ್ಕೆ ಬರುವ ಗಾಡಿಗಳಿಗೆ ದಟ್ಟಣೆ ಶುಲ್ಕ ಹಾಕಿ, ಅದಕ್ಕಾಗಿ ಪ್ಲೇಟ್ ಓದುವ ಕ್ಯಾಮೆರಾ ಇಟ್ಟರು. 2007ರಲ್ಲಿ ಅದೇ ಕ್ಯಾಮೆರಾಗಳ ಡೇಟಾ ಭಯೋತ್ಪಾದನೆ ತಡೆಯುವ ಹೆಸರಿನಲ್ಲಿ ಆಗಿಂದಾಗಲೇ ಪೊಲೀಸರಿಗೆ ಹೋಗುವ ಹಾಗೆ ಅನುಮತಿ ಕೊಟ್ಟರು. ನಾಲ್ಕೇ ವರ್ಷ. ಜರ್ಮನಿಯಲ್ಲಿ ಲಾರಿಗಳ ಹೆದ್ದಾರಿ ಟೋಲ್ ಡೇಟಾವನ್ನು ಬೇರೆ ಯಾವುದಕ್ಕೂ ಬಳಸಬಾರದು ಅಂತ ಟೋಲ್ ಕಾನೂನಿನಲ್ಲೇ ಬರೆದಿದ್ದಾರೆ. ಬರೆದಿಡುವುದಿದ್ದರೆ ಹಾಗೆ ಬರೆಯಬೇಕು.

ಡೇಟಾ ಸೋರಿದ್ದು ಉಂಟಾ?

ಬೇಕಾದಷ್ಟು. 2020ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ನಗರದ ವ್ಯವಸ್ಥೆಯ ಡ್ಯಾಶ್‌ಬೋರ್ಡ್ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ನಲ್ಲಿ ತೆರೆದಿತ್ತು, ವಿಳಾಸ ಗೊತ್ತಿದ್ದವರು ಬ್ರೌಸರ್‌ನಲ್ಲೇ ನೋಡಬಹುದಿತ್ತು. 86 ಲಕ್ಷ ಓಡಾಟದ ದಾಖಲೆ. ಅದಕ್ಕೂ ಹಿಂದಿನ ವರ್ಷ ಅಮೆರಿಕದ ಗಡಿ ಇಲಾಖೆಯ ಉಪಗುತ್ತಿಗೆದಾರರೊಬ್ಬರು ಪ್ರಯಾಣಿಕರ ಮುಖದ ಮತ್ತು ಪ್ಲೇಟಿನ ಫೋಟೊಗಳನ್ನು ನಿಯಮ ಮೀರಿ ತಮ್ಮ ಕಂಪ್ಯೂಟರಿಗೆ ಸಾಗಿಸಿಕೊಂಡಿದ್ದರು, ಅಲ್ಲಿಂದ ಹ್ಯಾಕ್ ಆಯಿತು. ಪಾಸ್‌ವರ್ಡ್ ಕೆಟ್ಟರೆ ಬದಲಿಸಬಹುದು. ನೀವು ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನು ಬದಲಿಸಲು ಆಗುವುದಿಲ್ಲ.

ಪೂರ್ತಿ ನಿಷೇಧ ಮಾಡಿದರೆ ಮುಗಿಯಿತಲ್ಲ?

ಕೆಲವು ಊರುಗಳು ಹಾಗೇ ಮಾಡಿವೆ. ಟೆಕ್ಸಾಸ್‌ನ ಆಸ್ಟಿನ್ ನಗರ 2025ರಲ್ಲಿ ತನ್ನ ಕಾರ್ಯಕ್ರಮ ನಿಲ್ಲಿಸಿತು. ನಿಮ್ಮ ಊರಿನಲ್ಲಿ ಅದು ಸಾಧ್ಯವಾದರೆ ಒಳ್ಳೆಯದೇ. ಆದರೆ ನಿಷೇಧ ಆಗುವವರೆಗೂ ಏನೂ ಬೇಡ ಅಂತ ಕೂತವರ ಊರಿನಲ್ಲಿ ನಿಷೇಧವೂ ಇಲ್ಲ, ನಿಯಮವೂ ಇಲ್ಲ. ನಾನಾದರೆ ಮೊದಲು ನ್ಯೂ ಹ್ಯಾಂಪ್‌ಶೈರ್ ತರಹದ ಕಾನೂನು ಕೇಳುತ್ತೇನೆ. ಅಲರ್ಟ್ ಇರಲಿ, ಸಂಗ್ರಹ ಬೇಡ.

ಪ್ಲೇಟಿಗೆ ಕವರ್ ಹಾಕಿಕೊಂಡರೆ? ಕ್ಯಾಮೆರಾಕ್ಕೆ ಕಾಣದ ಸ್ಪ್ರೇ ಸಿಗುತ್ತದಂತೆ?

ಬೇಡ. ಪ್ಲೇಟ್ ಮರೆಮಾಡುವುದು ಬಹುತೇಕ ಎಲ್ಲ ಕಡೆ ಅಪರಾಧ. ಸ್ಪ್ರೇ ದುಡ್ಡು ದಂಡ. ಮೇಲಾಗಿ ಕವರ್ ಹಾಕಿದ ಗಾಡಿಯನ್ನೇ ಪೊಲೀಸರು ಮೊದಲು ನಿಲ್ಲಿಸುತ್ತಾರೆ.

ನಮ್ಮ ಊರಿಗೆ ಕ್ಯಾಮೆರಾ ಬರುತ್ತಿದೆ. ಸಭೆಯಲ್ಲಿ ಏನು ಕೇಳಬೇಕು?

‘ಖಾಸಗಿತನ ಕಾಪಾಡುತ್ತೀರಾ’ ಅಂತ ಕೇಳಬೇಡಿ. ಹೌದು ಅಂತಾರೆ, ಮುಗಿಯಿತು. ಅಂಕಿ ಮತ್ತು ಕಾಗದ ಕೇಳಿ. ಹೊಂದದ ಪ್ಲೇಟ್‌ಗಳನ್ನು ಎಷ್ಟು ಹೊತ್ತಿಗೆ ಅಳಿಸುತ್ತೀರಿ? ಅಳಿಸುವುದು ಅಂದರೆ ಬ್ಯಾಕಪ್‌ನಿಂದಲೂ ಹೋಗುತ್ತದಾ? ಡೇಟಾ ಯಾರ ಸ್ವತ್ತು ಅಂತ ಒಪ್ಪಂದದ ಯಾವ ಪುಟದಲ್ಲಿದೆ, ಒಪ್ಪಂದ ಮುಗಿದ ಮೇಲೆ ಕಂಪನಿ ಏನು ಇಟ್ಟುಕೊಳ್ಳಬಹುದು? ಹಂಚಿಕೆ ಇರುವ ಇಲಾಖೆಗಳ ಪಟ್ಟಿ ಕೊಡಿ. ಹೋದ ವರ್ಷ ಎಷ್ಟು ಅಲರ್ಟ್ ಬಂತು, ಅದರಲ್ಲಿ ತಪ್ಪಾದದ್ದು ಎಷ್ಟು? ಕೊನೆಯ ಪ್ರಶ್ನೆಗೆ ಲೆಕ್ಕವೇ ಇಟ್ಟಿಲ್ಲ ಅನ್ನುವ ಉತ್ತರ ಬಂದರೆ ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ದೂರಿನಿಂದ ಏನೂ ಆಗುವುದಿಲ್ಲ ಅನ್ನುವವರಿಗೆ ಒಂದು ಉದಾಹರಣೆ. ಇಂಗ್ಲೆಂಡಿನ ರಾಯ್ಸ್‌ಟನ್ ಸಣ್ಣ ಪಟ್ಟಣ. ಅಲ್ಲಿ ಕ್ಯಾಮೆರಾಗಳನ್ನು ಹೇಗೆ ಕೂರಿಸಿದ್ದರು ಅಂದರೆ ಒಂದರ ಕಣ್ಣಿಗೂ ಬೀಳದೆ ಊರೊಳಗೆ ಬರುವುದೂ ಊರಿಂದ ಹೋಗುವುದೂ ಸಾಧ್ಯವಿರಲಿಲ್ಲ. ಖಾಸಗಿತನದ ಪರ ಕೆಲಸ ಮಾಡುವ ಸಂಘಟನೆಗಳು, ಅಲ್ಲಿ ಡೇಟಾ ರಕ್ಷಣೆಯ ಕಾನೂನನ್ನು ನೋಡಿಕೊಳ್ಳುವ ಮಾಹಿತಿ ಆಯುಕ್ತರಿಗೆ ದೂರು ಕೊಟ್ಟವು. 2013ರಲ್ಲಿ ಆಯುಕ್ತರು ಇದು ಅತಿಯಾಯಿತು, ಕಾನೂನಿಗೆ ವಿರುದ್ಧ ಎಂದು ಪೊಲೀಸರಿಗೆ ನೋಟಿಸ್ ಕೊಟ್ಟರು. ಇಷ್ಟು ಕ್ಯಾಮೆರಾ ಯಾಕೆ ಬೇಕು ಅನ್ನುವುದಕ್ಕೆ ಪೊಲೀಸರ ಬಳಿ ತಕ್ಕ ಸಮರ್ಥನೆ ಇರಲಿಲ್ಲ.

ನನ್ನ ಗಾಡಿಯ ದಾಖಲೆ ನಾನೇ ನೋಡಬಹುದಾ?

ಯುರೋಪ್ ಮತ್ತು ಬ್ರಿಟನ್ನಿನಲ್ಲಿ ನಿಮ್ಮ ಬಗ್ಗೆ ಇಟ್ಟಿರುವ ಡೇಟಾ ಕೇಳುವ ಹಕ್ಕು ಕಾನೂನಿನಲ್ಲಿದೆ, ಪೊಲೀಸ್ ತನಿಖೆಗೆ ಅಡ್ಡಿಯಾಗುವಂತಿದ್ದರೆ ನಿರಾಕರಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಮೆರಾ ಎಲ್ಲೆಲ್ಲಿದೆ ಅಂತ ತಿಳಿಯಬೇಕಿದ್ದರೆ ಡಿಫ್ಲಾಕ್ ಎಂಬ ನಕ್ಷೆ ಇದೆ. ಜನರೇ ಕಂಬ ನೋಡಿ ನೋಡಿ ಗುರುತು ಹಾಕಿದ್ದಾರೆ, ಕ್ಯಾಮೆರಾ ಯಾವ ದಿಕ್ಕಿಗೆ ತಿರುಗಿದೆ ಅನ್ನುವುದೂ ಅದರಲ್ಲಿ ಇರುತ್ತದೆ. ನಿಮ್ಮ ಬೀದಿಯದ್ದು ಬಿಟ್ಟುಹೋಗಿದ್ದರೆ ನೀವೂ ಸೇರಿಸಬಹುದು.